ಎಲ್ಲರಿಗೂ ಹೆರಿಗೆ ನೋವು

ಕೆರಿಸ್‌ಳ ಕಾಲು ಊದಿಕೊಂಡು ಬೂಟಿಗೆ ಹಿಡಿಸುತ್ತಿರಲಿಲ್ಲ. ದಿನ ತುಂಬಿದ ಹುಡುಗಿ, ಜೈಲಿನವರು ಕೊಟ್ಟ ಗಂಡಸರ ಚಪ್ಪಲಿ ಎಳೆದುಕೊಂಡು ಓಡಾಡುತ್ತಿದ್ದಳು. ಬಸುರಿಗೆ ಇನ್ನೊಂದು ಹಾಸಿಗೆ ಕೊಡಬೇಕೆಂಬ ನಿಯಮವಿದೆ. ಕೇಳಿದರೆ "ಸ್ಟಾಕ್ ಇಲ್ಲ" ಎನ್ನುತ್ತಿದ್ದರು. ಎರಡು ಸಲ ಕೋರ್ಟಿಗೆ ಹಾಜರಾಗಲಿಲ್ಲವೆಂದು ಅವಳನ್ನು ವೇಲ್ಸಿನ ಸ್ವಾನ್ಸೀಯಿಂದ ಹಿಡಿದು ತಂದಿದ್ದರು. ವೇಲ್ಸಿನಲ್ಲಿ ಹೆಂಗಸರಿಗೆ ಜೈಲಿಲ್ಲ. ಅಲ್ಲಿ ತಪ್ಪು ಮಾಡಿದವರೂ ಇಂಗ್ಲೆಂಡಿಗೇ ಬಂದು ಬೀಳಬೇಕು.

ನಮ್ಮ ಪ್ರತಿ ಕೋಣೆಯಲ್ಲೂ ಒಂದು ಕರೆಗಂಟೆಯ ಗುಂಡಿ ಇದೆ. ಒತ್ತಿದರೆ ಬಾಗಿಲ ಮೇಲೆ ಕೆಂಪು ದೀಪ ಹತ್ತುತ್ತದೆ. ಸುಮ್ಮನೆ ಒತ್ತಿದವಳ ಟಿವಿ ಕಿತ್ತುಕೊಳ್ಳುತ್ತಾರೆ. ಜೈಲಿನಲ್ಲಿ ಗಂಡ, ಮಕ್ಕಳು, ನೆರೆಹೊರೆ ಎಲ್ಲ ಆ ಟಿವಿಯೇ. ಹಾಗಾಗಿ ಸಾಯುವಂತಾದರೂ ಗುಂಡಿ ಮುಟ್ಟಲು ನಮಗೆ ಭಯ.

ಮಂಗಳವಾರ ಸೂಲಗಿತ್ತಿ ಬ್ರಿಜೆಟ್ ಬಂದು ಬಸುರಿಯರಿಗೆ ಪಾಠ ಹೇಳುತ್ತಿದ್ದಳು. ಬಿಸ್ಕತ್ತು ತರುತ್ತಿದ್ದಳು, ಆದ್ದರಿಂದ ಬಸುರಿಯರಲ್ಲದ ನಾವೆಲ್ಲರೂ ಹೋಗಿ ಕೂರುತ್ತಿದ್ದೆವು. ಅಂಗಡಿಗಳಲ್ಲಿ ಕದ್ದು ಕದ್ದು ಮುದುಕಿಯಾದ ಡೋರೀನಜ್ಜಿಯಂತೂ ಮುಂದಿನ ಕುರ್ಚಿ ಬಿಡುತ್ತಿರಲಿಲ್ಲ.

"ನೋವು ಬಂತು ಅಂದ್ರೆ ಕಾವಲಿನವರು ನೇರ ಆಸ್ಪತ್ರೆಗೆ ಫೋನ್ ಮಾಡ್ಬೇಕು," ಬ್ರಿಜೆಟ್ ಹೇಳುತ್ತಿದ್ದಳು. "ಯಾರ ಅಪ್ಪಣೆಗೂ ಕಾಯ್ಬೇಕಿಲ್ಲ. ಹೆರೋಳಿಗೆ ಕೋಳ ಹಾಕೋ ಹಾಗೂ ಇಲ್ಲ."

ಒಂದು ಭಾನುವಾರ ಕಾವಲಿಗೆ ಜನ ಸಾಲದೆ, ಊಟವಾದ ಕೂಡಲೇ ನಮ್ಮನ್ನು ಒಳಗೆ ಹಾಕಿ ಬೀಗ ಜಡಿದರು. ಪಕ್ಕದ ಕೋಣೆಯಿಂದ ಕೆರಿಸ್ ನರಳುವುದು ನನಗೆ ಕೇಳಿಸಿತು. ಅವಳು ಗುಂಡಿ ಒತ್ತಿದಳು. ವಾರ್ಡರ್ ಥಾರ್ಪ್ ನಿಧಾನಕ್ಕೆ ಬಂದು ಬಾಗಿಲ ಕಿಂಡಿ ತೆರೆದಳು.

"ಏನು?"

"ನೋವು ಬರ್ತಿದೆ ಮಿಸ್."

"ಚೊಚ್ಚಲು ಅಲ್ವಾ, ಗ್ಯಾಸಿಗೂ ಹಾಗೇ ಅನ್ಸುತ್ತೆ. ನಾಳೆ ನರ್ಸ್ ನೋಡ್ತಾರೆ. ಮತ್ತೆ ಒತ್ತಿದ್ರೆ ಟಿವಿ ಹೋಯ್ತು ಅಂತ ತಿಳ್ಕೊ."

ಕಿಂಡಿ ಮುಚ್ಚಿತು. ಹುಡುಗಿ ತನ್ನ ವೆಲ್ಷ್ ಭಾಷೆಯಲ್ಲಿ ಅಮ್ಮನನ್ನು ಕರೆದು ಅಳತೊಡಗಿದಳು.

ಆ ಕಡೆ ಕೋಣೆಯಿಂದ ಡೋರೀನಜ್ಜಿ ಕೂಗಿದಳು. "ಕೂಸೇ, ಬಿಟ್ಟುಬಿಟ್ಟು ಬರ್ತಿದೆಯಾ?"

"ಬಿಡ್ತಾನೇ ಇಲ್ಲ ಅಜ್ಜಿ."

"ಹಾಗಾದ್ರೆ ನಂಗೂ ಶುರುವಾಯ್ತು," ಎಂದಳು ಅಜ್ಜಿ, ಗುಂಡಿ ಒತ್ತಿಯೇಬಿಟ್ಟಳು.

ಥಾರ್ಪ್ ವಾಪಸು ಬಂದಳು. "ನಿಂಗೇನಮ್ಮ ಬಂತು?"

"ಹೆರಿಗೆ ನೋವು ಮಿಸ್."

"ಎಪ್ಪತ್ತು ವರ್ಷ ನಿಂಗೆ."

"ಹೌದು ಮಿಸ್, ಸ್ವಲ್ಪ ತಡವಾಯ್ತು. ಆಸ್ಪತ್ರೆಗೆ ಫೋನ್ ಮಾಡಿ."

ನಾನು ನಗುತ್ತಲೇ ನನ್ನ ಗುಂಡಿ ಒತ್ತಿದೆ. ಎದುರಿನವಳು ಒತ್ತಿದಳು. ಕೊನೆಯ ಕೋಣೆಯಿಂದ ಯಾರೋ "ನಂದು ಅವಳಿ ಮಿಸ್, ಬೇಗ" ಎಂದರು. ಸಾಲಿಗೆ ಸಾಲೇ ಕೆಂಪಾಯಿತು. ಇಷ್ಟೊಂದು ದೀಪ ಹತ್ತಿದರೆ ಆಫೀಸಿನಲ್ಲಿ ಬೇರೆ ಗಂಟೆ ಬಡಿಯುತ್ತದಂತೆ. ಹಿರಿಯ ಅಧಿಕಾರಿ ಓಡೋಡಿ ಬಂದ. ಕೆರಿಸ್‌ಳ ಬಾಗಿಲು ತೆಗೆಸಿದವನು ನೀರೊಡೆದು ಒದ್ದೆಯಾಗಿದ್ದ ನೆಲ ನೋಡಿ, ಆಸ್ಪತ್ರೆಗೆ ಫೋನು ಮಾಡಿದ.

ಆಂಬುಲೆನ್ಸ್ ಬಂದಾಗ ಥಾರ್ಪ್ ಸೊಂಟದಿಂದ ಕೋಳ ಬಿಚ್ಚಿದಳು. ಎದುರಿನ ಕೋಣೆಯವಳು ಬಾಗಿಲ ಸಂದಿಯಿಂದ ಅದನ್ನು ನೋಡಿ ನಮಗೆಲ್ಲ ಕೂಗಿ ಹೇಳಿದಳು. ಎಲ್ಲ ಬಾಗಿಲುಗಳೂ ಒಳಗಿನಿಂದ ಧಡಧಡ ಬಡಿದುಕೊಂಡವು.

"ಕೋಳ ಹಾಕೋ ಹಾಗಿಲ್ಲ. ಕೋಳ ಹಾಕೋ ಹಾಗಿಲ್ಲ."

"ಒಳಗಿಡಿ ಅದನ್ನ," ಎಂದ ಅಧಿಕಾರಿ, ಬೇಸರದಿಂದ.

ಕೆರಿಸ್ ಬರಿಗೈಯಲ್ಲಿ ಹೋದಳು. ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯಿತು, ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆಂದು ಸುದ್ದಿ ಬಂತು. ಮಗುವಿಗೆ ಡೋರೀನಜ್ಜಿಯ ಹೆಸರಿಡುವ ಮಾತೂ ಬಂತು.

"ಬೇಡವೇ ಬೇಡ ಅಂತ ಹೇಳಿ," ಎಂದಳು ಡೋರೀನಜ್ಜಿ. "ಆ ಹೆಸರಿನ ಮೇಲೆ ಆಗಲೇ ಬೇಕಾದಷ್ಟು ಕೇಸಿವೆ."

ಮಾರನೆಯ ವಾರ, ಮೊದಲು ಗುಂಡಿ ಒತ್ತಿದವರೆಂದು ಅಜ್ಜಿಯನ್ನೂ ನನ್ನನ್ನೂ ಜೈಲಿನ ಮುಖ್ಯಾಧಿಕಾರಿ ಗವರ್ನರ್ ಮುಂದೆ ನಿಲ್ಲಿಸಿದರು. ಕರೆಗಂಟೆಯ ದುರುಪಯೋಗ ನಮ್ಮ ಅಪರಾಧ.

"ನಿಮಗೆ ನಿಜವಾಗಿ ಹೆರಿಗೆ ನೋವು ಬಂದಿತ್ತೇ?" ಗವರ್ನರ್ ಕೇಳಿದರು.

"ಒಬ್ಬಳು ಹೇಳಿದ್ದು ನಿಮ್ಮೋರಿಗೆ ಕೇಳಿಸಲಿಲ್ಲ ಸಾರ್," ಎಂದಳು ಅಜ್ಜಿ. "ಅದಕ್ಕೇ ಎಲ್ಲರೂ ಹಂಚಿಕೊಂಡ್ವಿ."

ಗವರ್ನರ್ ತುಟಿ ಕಚ್ಚಿ ನಗು ತಡೆದರು. ಆದರೂ ಇಡೀ ಸಾಲಿನ ಟಿವಿ ಎರಡು ವಾರ ಬಂದ್ ಎಂದು ಬರೆದರು. ನನಗೆ ತಡೆಯಲಾಗಲಿಲ್ಲ.

"ಮಿಸ್ ಥಾರ್ಪ್‌ಗೆ ಏನು ಶಿಕ್ಷೆ ಸಾರ್?"

"ಅದು ನಿಮಗೆ ಸಂಬಂಧಿಸಿದ್ದಲ್ಲ. ಅದನ್ನ ಒಳಗಡೆಯೇ ವಿಚಾರಿಸ್ತೀವಿ."

ಡೋರೀನಜ್ಜಿ ಪಕ್ಕದ ಖಾಲಿ ಕುರ್ಚಿ ಎಳೆದು ಕೂತಳು.

"ವಿಚಾರಿಸಿ ಸಾರ್," ಎಂದಳು. "ನಾವೂ ಒಳಗೇ ಇದೀವಲ್ಲ."