ಪಾಳಿಗೆ ಇಟ್ಟ ಎಡಗಾಲ ಚಪ್ಪಲಿ

ನಾನು ಎಡಗಾಲಿನ ಚಪ್ಪಲಿ. ಹುಬ್ಬಳ್ಳಿಯ ರಸ್ತೆ ಬದಿಯಲ್ಲಿ ಮುದುಕನೊಬ್ಬ ಹಳೆಯ ಟೈರು ಕೊಯ್ದು ನನ್ನನ್ನೂ ನನ್ನ ಜೋಡಿಯನ್ನೂ ಮಾಡಿದ. ಕೊಂಡವನು ದ್ಯಾಮಣ್ಣ, ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು. ಅವನ ಕಾಲು ಸುಮ್ಮನಿರುತ್ತಿರಲಿಲ್ಲ. ಚಹಾ ಕುಡಿಯುವಾಗಲೂ ನೆಲಕ್ಕೆ ತಾಳ ಬಡಿಯುತ್ತಿತ್ತು. ಮೆರವಣಿಗೆ ಮುಗಿದ ಮೇಲೆ ಕುಡಿಯುತ್ತಿದ್ದ. ಇನ್ನು ಕುಡಿದರೆ ಲಿವರ್ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಕೊರೊನಾ ಬಂತು. ಮದುವೆಗಳು ನಿಂತವು, ಹೆಂಡದ ಅಂಗಡಿಗೂ ಬೀಗ ಬಿತ್ತು. ಕುಡಿಯಲು ಸಿಗದೆ ದ್ಯಾಮಣ್ಣನ ಕಾಲು ನಡುಗುತ್ತಿತ್ತು. ಅದರಲ್ಲಿ ತಾಳ ಇರಲಿಲ್ಲ. ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸಿದ. ಹೇಗೋ ಬದುಕಿದ. ಹೆಂಡತಿ ಲಚ್ಚವ್ವ, ಚಟ ಬಿಟ್ಟಿತು ಅಂದುಕೊಂಡಳು.

ಅಂಗಡಿ ತೆರೆಯುವ ಸುದ್ದಿ ಬಂದದ್ದೇ ತಡ, ನನ್ನ ಜೋಡಿಯನ್ನು ಹರಿದ ಡ್ರಮ್ಮಿನೊಳಗೆ ತುರುಕಿದಳು. ವಾದ್ಯಕ್ಕೆ ಚಪ್ಪಲಿ ತಾಕಬಾರದು. ಅದನ್ನೂ ಲೆಕ್ಕಿಸಲಿಲ್ಲ.

"ಒಂಟಿ ಚಪ್ಪಲ್ಯಾಗ ಹೆಂಗ ಹೋಗ್ತೀ, ಹೋಗು ನೋಡೂಣು."

"ಪಾಳಿಗಿ ಒಂದ ಸಾಕಲೇ," ಎಂದು ದ್ಯಾಮಣ್ಣ ನನ್ನನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹೊರಟ.

ಅಂಗಡಿಯ ಮುಂದೆ ಸುಣ್ಣದ ವೃತ್ತಗಳಿದ್ದವು. ವೃತ್ತಗಳೊಳಗೆ ಜನ ಇರಲಿಲ್ಲ. ತಮ್ಮ ಸರದಿ ಹಿಡಿಯಲು ಚಪ್ಪಲಿ, ಚೀಲ, ಹೆಲ್ಮೆಟ್ಟು, ಇಟ್ಟಿಗೆ ಇಟ್ಟು ಎಲ್ಲರೂ ನೆರಳಿಗೆ ಸರಿದಿದ್ದರು.

"ಯಾರದೋ ಈ ಒಂಟಿ?"

"ನಂದಪಾ. ಇನ್ನೊಂದನ್ನ ಹೆಂಡ್ತಿ ಜೈಲಿಗೆ ಹಾಕ್ಯಾಳ!"

ಎಲ್ಲರೂ ನಕ್ಕರು.

ಸುಟ್ಟ ಅಂಗಾಲು ನೋಡಲಾಗದೆ ಲಚ್ಚವ್ವ ಕೆಲವೇ ದಿನಗಳಲ್ಲಿ ನನ್ನ ಜೋಡಿಯನ್ನು ತಾನೇ ಹೊರತೆಗೆದಳು. ಮೊದಲು ಕೆಲಸ ಮುಗಿಸಿ ಕುಡಿಯುತ್ತಿದ್ದವನಿಗೆ ಈಗ ಮುಗಿಸಲು ಕೆಲಸವೇ ಇರಲಿಲ್ಲ. ಎದ್ದೊಡನೆ ಶುರು. ಮಳೆ ಬೀಳುವ ಹೊತ್ತಿಗೆ ಪಾದ ಊದಿ ನನ್ನ ಬಾರು ಚರ್ಮದೊಳಗೆ ಇಳಿಯಿತು. ಊತ ಹೊಟ್ಟೆಗೇರಿತು. ದವಾಖಾನೆಯಲ್ಲಿ ಕೊರೊನಾದವರಿಗೇ ಹಾಸಿಗೆ ಸಾಲದು. ಹೊರಗಿನ ಬೆಂಚಿನ ಮೇಲೆ ರಕ್ತ ಕಾರಿ ಸತ್ತ. ನಾವು ಬೆಂಚಿನ ಕೆಳಗಿದ್ದೆವು.

"ಕೊರೊನಾ ಏನಬೇ?" ಎಂದು ಓಣಿಯವರು ದೂರದಿಂದಲೇ ಕೇಳಿದರು.

"ಅಲ್ಲ. ಕುಡದ ಸತ್ತಾನ."

ಉಸಿರು ಬಿಟ್ಟು ಹತ್ತಿರ ಬಂದರು. ಆ ವರ್ಷ ಆ ಓಣಿಯಲ್ಲಿ ರೋಗಕ್ಕಿಂತ ಹೀಗೆ ಸತ್ತವರೇ ಹೆಚ್ಚು. ಟಿವಿಯವರು ಅವರನ್ನು ಎಣಿಸಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಮನೆಯ ಪರಸಪ್ಪ ಬಂದ. "ಯಕ್ಕಾ, ಅಣ್ಣನ ಎಡಗಾಲಿಂದು ಕೊಡ. ಪಾಳಿಗಿ ಇಡ್ತೀನಿ. ನಾ ಯಾಕ ಬರಿಗಾಲಲೆ ನಿಂದರ್ಲಿ?"

ಲಚ್ಚವ್ವ ಅವನ ಪಾದ ನೋಡಿದಳು. ನಾನೂ ನೋಡಿದೆ. ಊದಿತ್ತು. ಅವಳು ಬ್ಲೇಡು ತಂದು ನನ್ನ ಬಾರುಗಳನ್ನು ಕೊಯ್ದು ನನ್ನನ್ನು ಗಟಾರಕ್ಕೆ ಎಸೆದಳು.

ಪರಸಪ್ಪ ಬಗ್ಗಿ ನನ್ನನ್ನು ಎತ್ತಿಕೊಂಡ, ಕೆಸರು ಒರೆಸಿದ. ಪಾಳಿಗೆ ಬಾರು ಬೇಕಿಲ್ಲ.

ಈಗಲೂ ವೃತ್ತದೊಳಗೇ ಇದ್ದೇನೆ. ಸುಣ್ಣ ಮಾತ್ರ ಹೊಸದು.