ಮಂತ್ರಿಗಳ ಮುಂದೆ ಒಡಪು

ಬೆಂಗಳೂರಿನ ವಿಜಯನಗರದ ಮೈದಾನದಲ್ಲಿ ಮೈಕು "ಅರ್ಜಿ ನಂಬರ್ ನಾನೂರ ಹನ್ನೆರಡು, ಹಾಲವ್ವ" ಎಂದು ಕೂಗಿದಾಗ, ಹಾಲವ್ವನಿಗಿಂತ ಮೊದಲು ಎದ್ದು ನಿಂತವಳು ಅವಳ ಮನೆ ಓನರ್ ಮುನಿತಾಯಮ್ಮ.

"ನಿಂದೇ ಕಣೇ! ಓಡು! ಚಪ್ಪಲಿ ನಾನ್ ನೋಡ್ಕೋತೀನಿ!"

ಹಾಲವ್ವ ಓಡಿದಳು. ಗದಗದಿಂದ ಬಂದು ಗೋವಿಂದರಾಜನಗರದ ಒಂದೇ ಕೋಣೆಯಲ್ಲಿ ಒಂಬತ್ತು ವರ್ಷ ಕಳೆದವಳು ಅವಳು. ಗಂಡ ಗಾರೆ ಕೆಲಸದವನು; ಈ ಹೊತ್ತಿನಲ್ಲೂ ಹೇರೋಹಳ್ಳಿಯಲ್ಲಿ ಯಾರದೋ ಮನೆ ಕಟ್ಟುತ್ತಿದ್ದ. ಕೆಂಗೇರಿಯ ಆಚೆ ಸರ್ಕಾರ ಕಟ್ಟಿಸಿದ ನೂರು ಮನೆಗಳಿಗೆ ಎರಡು ಸಾವಿರ ಅರ್ಜಿ ಬಂದಿದ್ದವು. ಚೀಟಿ ಎತ್ತಿದಾಗ ಬಂದದ್ದು ಇವಳ ಹೆಸರು!

ವೇದಿಕೆಯ ಮೇಲೆ ವಸತಿ ಮಂತ್ರಿ ಗುರುಬಸಪ್ಪನವರು ತಾವೇ ಮೈಕನ್ನು ಅವಳ ಎತ್ತರಕ್ಕೆ ಇಳಿಸಿದರು. ಹಿಂದಿನ ಸಲ ಬ್ರೋಕರುಗಳು ಸುಳ್ಳು ರೇಷನ್ ಕಾರ್ಡು ಕೊಟ್ಟು ಬೇರೆ ಹೆಂಗಸರನ್ನು ನಿಲ್ಲಿಸಿ ಮನೆ ಹೊಡೆದುಕೊಂಡಿದ್ದರು. ಅದಕ್ಕೇ ಈ ಸಲ ಮಂತ್ರಿಗಳು ಎಲ್ಲರೆದುರಿಗೆ ಒಂದು ಪ್ರಶ್ನೆ ಕೇಳುತ್ತಿದ್ದರು. ತಡವರಿಸಿದರೆ ಆ ಮನೆ ಮುಂದಿನ ಚೀಟಿಯವರ ಪಾಲು.

"ಯಜಮಾನ್ರ ಹೆಸರೇನಮ್ಮಾ?"

ಮದುವೆಯಾದ ಮೇಲೆ ಗಂಡನ ಹೆಸರನ್ನು ಹಾಲವ್ವ ಬರಿಬಾಯಲ್ಲಿ ಹೇಳಿದ್ದೇ ಇಲ್ಲ.

"ನಮ್ಮ ಮನಿಯಾವ್ರು..." ಎಂದಳು.

"ಹೆಸರು ಹೇಳಮ್ಮಾ," ಎಂದು ಪಕ್ಕದ ಅಧಿಕಾರಿ ರೇಗಿದ. "ಸಾರ್, ಇದೂ ಬ್ರೋಕರ್ ಕೇಸೇ. ಮುಂದಿನ ಚೀಟಿ ತೆಗೀಲಾ?"

"ತಡೀರಿ, ಅವರು ನೀರು ಕುಡೀಲಿ," ಎಂದು ಮಂತ್ರಿಗಳು ತಮ್ಮ ಮುಂದಿನ ಲೋಟ ಸರಿಸಿದರು.

ಕೆಳಗಿನಿಂದ ಮುನಿತಾಯಮ್ಮ ಕೂಗಿದಳು: "ಸಾಮೀ, ನಮ್ಮನೇಲೇ ಇರೋದು ಇವ್ಳು! ಇವ್ಳ ಗಂಡನ ಹೆಸರು..."

"ನೀವು ಹೇಳಂಗಿಲ್ಲ!" ಎಂದ ಅಧಿಕಾರಿ.

ಹಾಲವ್ವ ನೀರು ಕುಡಿದಳು. ಊರಲ್ಲಿ ಮದುವೆ ಮನೆಯ ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿ ಗಂಡನ ಹೆಸರು ಕೇಳಿದರೆ ಹೇಗೆ ಹೇಳುತ್ತಿದ್ದರು? ಪ್ರಾಸ ಕಟ್ಟಿ, ಒಡಪಿನಲ್ಲಿ. ಅದಕ್ಕೆ ನಾಚಿಕೆಯಿಲ್ಲ, ತಪ್ಪೂ ಇಲ್ಲ. ಅವಳು ಸೆರಗು ಬಿಗಿದು, ಮೈಕಿನ ಹತ್ತಿರ ಬಂದಳು.

"ಬಾಡಿಗಿ ಮನಿಗೆ ಗ್ವಾಡಿ ನಾಕು,
ಮೊಳಿ ಹೊಡ್ಯಾಕ ಅಪ್ಪಣಿ ಬೇಕು;
ಫಕೀರೇಶರ ಹೆಸರ ಹೇಳತೀನಿ,
ನಮ್ದ ಅನ್ನೂ ಮನಿ ಒಂದ ಸಾಕು!"

ಮೈದಾನದ ತುಂಬ ಸಿಳ್ಳೆ, ಚಪ್ಪಾಳೆ! "ಮೊಳೆ ಹೊಡೀಬೇಡ ಅಂದೋಳು ನಾನೇ ಕಣ್ರೋ!" ಎಂದು ಮುನಿತಾಯಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿ ನಕ್ಕಳು. ಮಂತ್ರಿಗಳು ಕಾಗದ ನೋಡಿದರು: ಫಕೀರೇಶ.

"ಇಂಥದ್ದು ಯಾವ ಬ್ರೋಕರ್ ಹೇಳಿಕೊಡ್ತಾನ್ರೀ?" ಎಂದು ಅಧಿಕಾರಿಯನ್ನು ಕೇಳಿದರು. "ತಪ್ಪು ನಂದು ತಾಯಿ. ಹೆಣ್ಮಕ್ಕಳನ್ನ ಕೇಳೋ ಪ್ರಶ್ನೆ ಅಲ್ಲ ಇದು." ಅಧಿಕಾರಿಯೇ ಎದ್ದು ಅವಳಿಗೆ ಕುರ್ಚಿ ಕೊಟ್ಟ.

ಹಂಚಿಕೆ ಪತ್ರವನ್ನು ಎದೆಗವಚಿಕೊಂಡು ಹಾಲವ್ವ ಮೆಟ್ಟಿಲಿಳಿಯುವಾಗ, ಮುಂದಿನ ಚೀಟಿಯಲ್ಲಿ ಹೆಸರು ಬಂದ ಇನ್ನೊಬ್ಬಳು ಅವಳ ಸೆರಗು ಹಿಡಿದಳು.

"ಯಕ್ಕಾ, ಪ್ರಶ್ನಿ ಬದಲಾದ್ರೂ ಆಗ್ಲಿ, ನನಗೂ ಒಂದು ಕಟ್ಟಿಕೊಡು. ನಿನ್ನಂಗ ಹೇಳಬೇಕನಸತೈತಿ."

"ನಿಮ್ಮ ಮನಿಯಾವ್ರ ಹೆಸರೇನ?"

ಅವಳು ಬಾಯಿಗೆ ಕೈ ಅಡ್ಡ ಇಟ್ಟು ರೇಷನ್ ಕಾರ್ಡು ಚಾಚಿದಳು. ಪಕ್ಕದಲ್ಲಿದ್ದ ಮಹಿಳಾ ಪೊಲೀಸು ಬಗ್ಗಿ, ಮೆಲ್ಲಗೆ ಓದಿ ಹೇಳಿದಳು: "ದುಂಡಪ್ಪ."

ಹಾಲವ್ವ ಮೆಟ್ಟಿಲ ಮೇಲೇ ಕುಳಿತು ಪ್ರಾಸ ಹುಡುಕತೊಡಗಿದಳು.