ಶನಿಯ ಮನೆಯ ಬುಧ

ಮಗ ಮೆಚ್ಚಿದ ಆ ಹುಡುಗಿ ಬೇಡ ಅಂತ ಗ್ರಹದಮ್ಮ ತೀರ್ಮಾನ ಮಾಡಿದಾಗ ಹುಡುಗಿಯ ಮುಖವನ್ನೂ ನೋಡಿರಲಿಲ್ಲ. ನೋಡಿದ್ದು ಅವಳ ಬುಧನನ್ನು ಮಾತ್ರ. ಹುಡುಗಿ ಹುಟ್ಟಿದ ದಿನ, ಹೊತ್ತು ಎಲ್ಲ ಮಗನೇ ಕೇಳಿಕೊಂಡು ಬಂದು ಅಮ್ಮನ ಮುಂದಿಟ್ಟಿದ್ದ, ಪಾಪ, ಅಮ್ಮನಿಗೆ ಖುಷಿಯಾಗಲಿ ಅಂತ. ಆಕೆ ಊಟದ ಮೇಜಿನ ಮೇಲೇ ಕುಂಡಲಿ ಬರೆದಳು, ಕನ್ನಡಕ ಹಣೆಗೇರಿಸಿದಳು, ಮತ್ತೆ ಇಳಿಸಿ ನೋಡಿದಳು.

"ಬುಧ ಮಕರದಲ್ಲಿ ಕೂತಿದಾನಲ್ಲೋ."

"ಕೂತ್ಕೊಳ್ಳಲಿ ಬಿಡಮ್ಮ, ಎಲ್ಲಾದ್ರೂ ಕೂರಬೇಕಲ್ಲ," ಅಂದ ಮಗ, ಸಾರಿನ ಪಾತ್ರೆ ತನ್ನ ಕಡೆ ಎಳೆದುಕೊಳ್ಳುತ್ತ.

ಅವನಿಗೇನು ಗೊತ್ತು. ಬುಧ ಅಂದರೆ ಮಾತು, ಚುರುಕು, ತಮಾಷೆ. ಗ್ರಹಗಳ ಸಂಸಾರದಲ್ಲಿ ಅವನೇ ಚಿಕ್ಕ ಹುಡುಗ. ಮಕರವೋ ಶನಿಯ ಮನೆ. ಆಟದ ಹುಡುಗನನ್ನು ಒಯ್ದು ಕಟ್ಟುನಿಟ್ಟಿನ ಮುದುಕನ ಮನೆಯಲ್ಲಿ ಬಿಟ್ಟರೆ ಏನಾದೀತು? ಬಾಯಿ ಬಿಡಬೇಕಾದರೂ ಅಪ್ಪಣೆ ಕೇಳಬೇಕು, ನಗಬೇಕಾದರೂ ಅಪ್ಪಣೆ ಕೇಳಬೇಕು. ಮಕರದ ಬುಧ ಇರೋರು ಒಂದೊಂದು ಮಾತನ್ನೂ ತೂಗಿ ಅಳೆದು ಆಡ್ತಾರೆ, ಅಷ್ಟರಲ್ಲಿ ಎದುರಿನವರ ಪ್ರಾಣ ಹೋಗಿರತ್ತೆ ಅಂತ ಗ್ರಹದಮ್ಮ ಜಾತಕ ತೋರಿಸಲು ತನ್ನ ಮುಂದಿನ ಕೋಣೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಅವರಿಗೆ ಶಿಸ್ತಿದೆ, ತಾಳ್ಮೆಯಿದೆ, ಹಿಡಿದ ಕೆಲಸ ಬಿಡೋದಿಲ್ಲ ಅಂತಲೂ ಸೇರಿಸುತ್ತಿದ್ದಳು. ಆದರೆ ಅದನ್ನು ಹೇಳುವಾಗ ದನಿಯಲ್ಲಿ ಉತ್ಸಾಹ ಇರುತ್ತಿರಲಿಲ್ಲ.

ಅವಳ ಸ್ವಂತ ಬುಧ ಮಿಥುನದಲ್ಲಿ, ತನ್ನದೇ ಮನೆಯಲ್ಲಿ ಯಜಮಾನನಾಗಿ ಕೂತವನು. ಹಾಗಾಗಿ ಮಾತು ಅಂದರೆ ಅರಳು ಹುರಿದ ಹಾಗೆ. ಬಂದವರು ಪ್ರಶ್ನೆ ಮುಗಿಸುವುದರೊಳಗೆ ಉತ್ತರ ಹೊರಟಿರುತ್ತಿತ್ತು. ಮೋಸದ ಹೆಂಗಸಲ್ಲ, ದೇವರಾಣೆಗೂ ಅಲ್ಲ. ಬಾಯಿಗೆ ಬಂದದ್ದನ್ನು ಎಲ್ಲರಿಗಿಂತ ಮೊದಲು ತಾನೇ ನಂಬಿಬಿಡುತ್ತಿದ್ದಳು. ಗಂಡ ಹೋದ ಮೇಲೆ ಆ ಮಾತಿನಿಂದಲೇ ಮನೆ ನಡೆದಿತ್ತು, ಮಗ ಬೆಳೆದಿದ್ದ.

ಜಾತಕ ನೋಡಿದ್ದು ಸಾಲದು ಅಂತ ಒಂದು ಸಲ ಫೋನು ಮಾಡಿ ಹುಡುಗಿಯನ್ನು ಮಾತಾಡಿಸಿಯೂ ನೋಡಿದಳು. "ಅಡುಗೆ ಬರುತ್ತಾ?" ಅಂತ ಕೇಳಿದರೆ ಆ ಕಡೆ ಸದ್ದಿಲ್ಲ. ಲೈನು ಕಡಿಯಿತೇನೋ ಅಂತ ಎರಡು ಸಲ ಹಲೋ ಅಂದಳು. ಕೊನೆಗೆ ತಾನೇ, "ಬರುತ್ತೆ ಅನ್ನಿಸುತ್ತೆ, ಕಲಿತರಾಯ್ತು ಬಿಡು, ಈಗಿನ ಕಾಲದಲ್ಲಿ ಯಾರಿಗೆ ತಾನೇ ಬರುತ್ತೆ," ಅಂದು ಮುಂದಿನ ಪ್ರಶ್ನೆಗೆ ಹೋದಳು. ಹೀಗೆ ಎಲ್ಲ ಪ್ರಶ್ನೆಗೂ ತಾನೇ ಉತ್ತರ ಹೇಳಿಕೊಂಡು ಫೋನಿಟ್ಟು, ಮಗನ ಕಡೆ ತಿರುಗಿ, "ಜಪ್ಪಯ್ಯ ಅಂದ್ರೂ ಬಾಯಿ ಬಿಡಲ್ಲ ಅವಳು. ಗೋಡೆ ಜೊತೆ ಸಂಸಾರ ಮಾಡ್ತೀಯಾ?" ಅಂದಳು.

ಮಗ ನಕ್ಕ. "ಒಂದು ಸಲ ನಮ್ಮ ಸೈಟಿಗೆ ಬಂದು ಅವಳು ಕೆಲಸ ಮಾಡೋದನ್ನ ನೋಡಮ್ಮ. ಆಮೇಲೆ ನೀನು ಬೇಡ ಅಂದ್ರೆ ನಾನು ಈ ಮಾತು ಎತ್ತಲ್ಲ."

ಅವನು ಅಂದರೆ ಅಂದ ಹಾಗೆ. ಅಮ್ಮ ಬೇಡ ಅಂದರೆ ನಿಜವಾಗಿಯೂ ಬಿಟ್ಟುಬಿಡುತ್ತಾನೆ, ಚಿಕ್ಕಂದಿನಿಂದ ಅಮ್ಮನ ಮಾತು ಮೀರಿದವನಲ್ಲ. ಅದು ಗೊತ್ತಿದ್ದೇ ಗ್ರಹದಮ್ಮ ಹೊರಟಳು. ಹುಡುಗಿಯ ಮನಸ್ಸು ನೋಯದ ಹಾಗೆ ಹೇಗೆ ಬೇಡ ಅನ್ನಬೇಕು ಅಂತ ಬಸ್ಸಿನಲ್ಲಿ ಕೂತು ಒಂದು ಚಂದದ ಭಾಷಣವನ್ನೂ ಜೋಡಿಸಿಕೊಂಡಳು.

ಮಗ ಕ್ರೇನ್ ಡ್ರೈವರ್. ಕಟ್ಟುತ್ತಿರುವ ದೊಡ್ಡ ಕಟ್ಟಡದ ನೆತ್ತಿಯ ಮೇಲೆ, ಕಬ್ಬಿಣದ ಕಂಬದ ತುದಿಯಲ್ಲಿ ಒಂದು ಗಾಜಿನ ಗೂಡು, ಅದರೊಳಗೆ ಅವನು. ಮಧ್ಯಾಹ್ನ ಊಟದ ಹೊತ್ತಿಗೆ ಬಾ ಅಂದಿದ್ದ. ಗ್ರಹದಮ್ಮ ಯಾವತ್ತು ಹೇಳಿದ ಹೊತ್ತಿಗೆ ಹೋದವಳು? ಬೆಳಿಗ್ಗೆಯೇ ಗೇಟಿನಲ್ಲಿ ಹಾಜರು. ಸೂಪರ್‌ವೈಸರ್ ಒಳ್ಳೆಯ ಮನುಷ್ಯ, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಒಳ್ಳೆಯವನು. ಕ್ರೇನ್ ಡ್ರೈವರ್‌ನ ತಾಯಿ ಅಂತ ತಿಳಿದು ತಲೆಗೆ ಹೆಲ್ಮೆಟ್ ಹಾಕಿಸಿ, ಆಫೀಸ್ ಶೆಡ್ಡಿನ ಬಾಗಿಲಲ್ಲಿ, ಹಗ್ಗ ಕಟ್ಟಿದ ಗೆರೆಯ ಈಚೆ ಕುರ್ಚಿ ಹಾಕಿ ಕೂರಿಸಿದ.

ಕೂತಲ್ಲೇ ಅವಳ ಸುತ್ತ ಮಾತು ಶುರುವಾಯಿತು. ದಪ್ಪ ಮೀಸೆಯ ಫಿಟ್ಟರ್ ಒಬ್ಬ ಕೈಗವಸು ಹಾಕಿಕೊಳ್ಳುತ್ತ ಬಂದು, "ಗ್ರಹ ನೋಡೋರಂತೆ ನೀವು. ನನ್ನ ಆಯಸ್ಸು ಎಷ್ಟು ಹೇಳಿ ನೋಡೋಣ. ಹೆಂಡತಿ ಕೇಳ್ತಾ ಇರ್ತಾಳೆ," ಅಂತ ಕಣ್ಣು ಮಿಟುಕಿಸಿದ.

ಜಾತಕ ಇಲ್ಲ, ಹುಟ್ಟಿದ ದಿನ ಇಲ್ಲ. ಗ್ರಹದಮ್ಮ ಅವನ ಅಗಲ ಹಣೆ ನೋಡಿದಳು, ಅಷ್ಟೇ. "ಗಟ್ಟಿ ಆಯಸ್ಸು ಕಣಪ್ಪ ನಿಂದು. ಮೊಮ್ಮಕ್ಕಳ ಮದುವೇಲಿ ಕೂತು ಊಟ ಮಾಡ್ತೀಯ."

"ನಿಮ್ಮ ಬಾಯಿಗೆ ಸಕ್ಕರೆ ಹಾಕ," ಅಂದು ಫಿಟ್ಟರ್ ನಗುತ್ತ ಹೋದ.

ಆಗ ಸೂಪರ್‌ವೈಸರ್ ಹುಡುಗಿಯನ್ನು ತೋರಿಸಿದ. ಕಟ್ಟಡದ ನಡುವೆ ಬಾವಿಯಂಥ ಆಳದ ಜಾಗ, ನಾಲ್ಕು ಕಡೆ ಗೋಡೆ. ಅದರ ಅಂಚಿಗೆ ಕಬ್ಬಿಣದ ಕಟಕಟೆ ಹಿಡಿದು ಒಬ್ಬಳು ನಿಂತಿದ್ದಳು. ಕಿತ್ತಳೆ ಜಾಕೆಟ್ಟು, ಮಣ್ಣು ಮೆತ್ತಿದ ಬೂಟು, ಭುಜದ ಹತ್ತಿರ ಸಿಕ್ಕಿಸಿದ ವಾಕಿಟಾಕಿ. ಸಣ್ಣ ಆಳು. ಇಷ್ಟೇನಾ ಅನ್ನಿಸಿತು ಗ್ರಹದಮ್ಮನಿಗೆ.

"ಇವತ್ತು ಎ.ಸಿ. ಯಂತ್ರ ಈ ಬಾವಿಯೊಳಕ್ಕೆ ಇಳಿಸಬೇಕಮ್ಮ. ಒಂದು ಲಾರಿಯಷ್ಟಿದೆ ಅದು. ಏಣಿಯ ಕಡೆ ಬಿಟ್ಟರೆ ಸುತ್ತ ಒಂದು ಮೊಳ ಜಾಗಾನೂ ಉಳಿಯಲ್ಲ," ಅಂದ ಸೂಪರ್‌ವೈಸರ್. "ಮೇಲಿರೋ ನಿಮ್ಮ ಮಗನಿಗೆ ಒಳಗೆ ಏನೂ ಕಾಣಲ್ಲ. ಅವನ ಕಣ್ಣು ಅಂದ್ರೆ ಅವಳ ದನಿ. ಅವಳು ಇಳಿಸು ಇಳಿಸು ಅಂತಾನೇ ಇರಬೇಕು, ಅವನು ಇಳಿಸ್ತಾನೇ ಇರಬೇಕು. ದನಿ ನಿಂತ ತಕ್ಷಣ ಕೈ ನಿಲ್ಲಬೇಕು. ಯಾಕೆ, ಏನು ಅಂತ ಕೇಳೋ ಹಾಗಿಲ್ಲ."

"ಮಾತಾಡ್ತಾನೇ ಇರಬೇಕಾ? ಇವಳಾ?" ಅಂದಳು ಗ್ರಹದಮ್ಮ. ಇನ್ಯಾರೂ ಸಿಗಲಿಲ್ಲವಾ ಇವರಿಗೆ ಅಂತ ಬಾಯ ತುದಿಗೆ ಬಂದಿತ್ತು.

ಸೂಪರ್‌ವೈಸರ್ ಅಲ್ಲೊಂದು ತಪ್ಪು ಮಾಡಿದ. ತಾಯಿ ಜೀವ, ಮಗನ ದನಿ ಕೇಳಲಿ ಅಂತ ತನ್ನ ವಾಕಿಟಾಕಿಯನ್ನೇ ಅವಳ ಕೈಗೆ ಕೊಟ್ಟ. "ಕೇಳಿ ಸಾಕು, ಪಕ್ಕದ ಬಟನ್ ಮಾತ್ರ ಒತ್ತಬೇಡಿ," ಅಂದು ಹಗ್ಗದ ಹತ್ತಿರ ಜನರನ್ನು ಹಿಂದೆ ಸರಿಸಲು ಹೋದ. ಇಬ್ಬರು ಫಿಟ್ಟರ್‌ಗಳು ಏಣಿಯಲ್ಲಿ ಬಾವಿಯ ತಳಕ್ಕೆ ಇಳಿದರು. ಒಬ್ಬ ಅದೇ ಮೀಸೆಯವನು.

ಯಂತ್ರ ನೆಲ ಬಿಟ್ಟೆದ್ದಾಗ ಗ್ರಹದಮ್ಮ ಕುರ್ಚಿ ಬಿಟ್ಟು ಎದ್ದು ನಿಂತಳು. ಅಷ್ಟು ದೊಡ್ಡದು ಅಷ್ಟು ಹಗುರವಾಗಿ ತೇಲಬಾರದು. ಅದು ಕಟ್ಟಡದ ಮೇಲೆ ಬಂದು, ಬಾವಿಯ ಬಾಯಿಗೆ ಸರಿಯಾಗಿ ನಿಂತಿತು. ಆಗ ಕೈಯಲ್ಲಿದ್ದ ವಾಕಿಟಾಕಿ ಮಾತಾಡಿತು.

"ಇಳಿಸು. ಇಳಿಸು. ಇಳಿಸು."

ಅವಸರವಿಲ್ಲ, ಅಂಜಿಕೆಯಿಲ್ಲ, ಏರಿಳಿತವಿಲ್ಲ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಒಂದೇ ಅಳತೆಯ ಬಿಡುವು. ಆ ದನಿ ಹೇಗೆ ಬರುತ್ತಿತ್ತೋ ಯಂತ್ರ ಹಾಗೆ ಇಳಿಯುತ್ತಿತ್ತು. ಗ್ರಹದಮ್ಮನಿಗೆ ತನ್ನ ಉಸಿರೂ ಅದೇ ಲಯಕ್ಕೆ ಬಂದದ್ದು ಗೊತ್ತಾಗಲಿಲ್ಲ. ಬೆಳಗಿನಿಂದ ಗಿಜಿಗುಡುತ್ತಿದ್ದ ಜಾಗ ಪೂರಾ ತೆಪ್ಪಗಾಗಿತ್ತು; ಹಾರೆ ಹಿಡಿದವರು ಹಾರೆ ಊರಿ, ಇಟ್ಟಿಗೆ ಹೊತ್ತವರು ಇಟ್ಟಿಗೆ ಇಳಿಸಿ ನಿಂತಿದ್ದರು. ಎಲ್ಲರೂ ಆ ಸಣ್ಣ ಆಳಿನ ಬೆನ್ನನ್ನೇ ನೋಡುತ್ತಿದ್ದರು.

ಯಂತ್ರದ ನೆತ್ತಿ ಇನ್ನೇನು ಮರೆಯಾಗಬೇಕು, ಒಂದು ಗಾಳಿ ಬಂತು. ಸಿಮೆಂಟಿನ ಧೂಳು ಎದ್ದು ಬಾವಿಯ ಸುತ್ತ ಮುಸುಕಿತು.

"ಇಳಿಸು. ಇಳಿಸು."

ಆಮೇಲೆ ದನಿ ಬರಲಿಲ್ಲ.

ಯಂತ್ರ ನಿಂತಿತು. ಹುಡುಗಿ ಕಟಕಟೆಯ ಮೇಲೆ ಬಗ್ಗಿ ಕೆಳಗೆ ನೋಡುತ್ತಿದ್ದಳು. ಕೈ ಆಡಲಿಲ್ಲ, ತುಟಿ ಪಿಟಕ್ಕೆನ್ನಲಿಲ್ಲ. ಗ್ರಹದಮ್ಮ ಕಾದಳು. ಕಾಯುವುದು ಅವಳ ಜಾಯಮಾನವಲ್ಲ, ಆದರೂ ಕಾದಳು. ಮೇಲೆ ನೋಡಿದರೆ ಗಾಳಿಗೆ ಕ್ರೇನಿನ ತೋಳು ಅಲುಗುತ್ತಿತ್ತು, ಅದರ ಬುಡದ ಗಾಜಿನ ಗೂಡಿನಲ್ಲಿ ತಾನು ಹೆತ್ತ ಮಗ. ಅಷ್ಟು ಭಾರ ಹೊತ್ತುಕೊಂಡು ಎಷ್ಟು ಹೊತ್ತು ಅಂತ ನಿಂತಾನು? ತಂತಿ ಕಡಿದರೆ? ತೋಳು ಬಗ್ಗಿದರೆ? ಈ ಹುಡುಗಿಗೆ ಮಾತೇ ಮರೆತುಹೋಯಿತು, ನನಗೆ ಮೊದಲೇ ಗೊತ್ತಿತ್ತು, ಬೇಕಾದ ಹೊತ್ತಿಗೆ ಇವಳ ಬಾಯಿಗೆ ಬೀಗ ಬೀಳುತ್ತೆ, ಎಲ್ಲ ಆ ಬುಧನ ಕೆಲಸ. ಬೆರಳು ತಾನಾಗಿಯೇ ಬಟನ್ ಮೇಲೆ ಹೋಯಿತು.

"ಮಗಾ, ನಾನು ಕಣೋ. ಹೆದರಬೇಡ. ಇಳಿಸಪ್ಪ, ಮೆಲ್ಲಗೆ ಇಳಿಸಿಬಿಡು."

ಸೂಪರ್‌ವೈಸರ್ ಓಡಿಬಂದು ವಾಕಿಟಾಕಿ ಕಿತ್ತುಕೊಂಡ. ಅವನ ಮುಖ ಬಿಳಿಚಿಕೊಂಡಿತ್ತು. ಇಬ್ಬರೂ ತಂತಿಯನ್ನೇ ನೋಡಿದರು.

ತಂತಿ ಕದಲಲಿಲ್ಲ.

ಹುಡುಗಿ ಈ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಮೌನ ಹಾಗೇ ಇತ್ತು. ಆ ಮೌನದ ಮೇಲೆ ಒಂದು ಲಾರಿಯಷ್ಟು ಕಬ್ಬಿಣ ಅಲ್ಲಾಡದೆ ನಿಂತಿತ್ತು. ಧೂಳು ನಿಧಾನವಾಗಿ ಕೂತಿತು. ಬಾವಿಯ ಆಳದಿಂದ ಒಬ್ಬ ಕೂಗಿದ್ದು ಕೇಳಿಸಿತು, ಗೋಡೆಗೆ ಬಡಿದು ಒಡೆದ ದನಿ: "ಸಿಕ್ಕಾಕೊಂಡಿದೀನಿ. ಗೋಡೆ ಹತ್ರ ಸಿಕ್ಕಾಕೊಂಡಿದೀನಿ."

ಮೀಸೆಯವನ ದನಿ. ಗಾಳಿಗೆ ಯಂತ್ರ ತುಸು ತಿರುಗಿದಾಗ ಅದಕ್ಕೆ ಕಟ್ಟಿದ್ದ ಹಗ್ಗ ಎಳೆದು ನೇರ ಮಾಡಲು ಅವನು ಗೋಡೆಗೂ ಯಂತ್ರಕ್ಕೂ ನಡುವೆ ನುಗ್ಗಿದ್ದ. ಅವನ ಸೊಂಟದ ಬೆಲ್ಟಿನ ಕೊಕ್ಕೆ ಯಂತ್ರದ ಅಡಿಯ ಚೌಕಟ್ಟಿಗೆ ತಗಲಿಕೊಂಡಿತ್ತು. ಇನ್ನೊಂದು ಗೇಣು ಇಳಿದಿದ್ದರೆ ಅವನನ್ನೂ ಎಳೆದುಕೊಂಡೇ ಇಳಿಯುತ್ತಿತ್ತು.

"ಮೇಲೆ," ಅಂದಿತು ಹುಡುಗಿಯ ದನಿ, ಮೊದಲಿನ ಅದೇ ಅಳತೆಯಲ್ಲಿ. "ಮೇಲೆ. ಮೇಲೆ." ಮತ್ತೆ ಮೌನ. ಕೆಳಗೆ ಕೊಕ್ಕೆ ಬಿಡಿಸಿದ ಸದ್ದು, ಜೊತೆಗಾರ ಅವನನ್ನು ಈಚೆಗೆ ಎಳೆದ ಸದ್ದು. ಹುಡುಗಿ ಇಬ್ಬರೂ ಏಣಿಯ ಹತ್ತಿರ ಬಂದು ನಿಲ್ಲುವವರೆಗೆ ಕಾದಳು. ಆಮೇಲೆ, "ಇಳಿಸು. ಇಳಿಸು."

ಗ್ರಹದಮ್ಮ ಕುರ್ಚಿಯ ಮೇಲೆ ಕೂತುಬಿಟ್ಟಳು. ಕಣ್ಣು ಮಾತ್ರ ಆ ಕಿತ್ತಳೆ ಜಾಕೆಟ್ಟಿನ ಮೇಲಿಂದ ಕೀಳಲಾಗಲಿಲ್ಲ. ಇಷ್ಟು ವರ್ಷ ಬಾಯಿತುಂಬ ಹೇಳಿಕೊಂಡು ಬಂದ ಮಕರದ ಬುಧನನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು. ಅವನು ಮುದುಕನ ಮನೆಯಲ್ಲಿ ಕೈಕಟ್ಟಿ ನಿಂತ ಪಾಪದ ಹುಡುಗನಾಗಿರಲಿಲ್ಲ. ಶನಿಗೆ ಬುಧ ಮಿತ್ರ ಅನ್ನುವುದನ್ನು ಎಳೆ ವಯಸ್ಸಿನಲ್ಲೇ ಬಾಯಿಪಾಠ ಮಾಡಿದ್ದಳಲ್ಲ, ನಂಬಿ ಇಡೀ ಮನೆಯ ಬೀಗದ ಕೈ ಕೊಡುವಂಥ ಮಿತ್ರ ಅಂತ ಯಾರೂ ಹೇಳಿರಲಿಲ್ಲ. ಮೈಯೆಲ್ಲ ಜುಮ್ಮೆಂದಿತು. ದೊಡ್ಡದೇನನ್ನೋ ನೋಡಿದಾಗ ಆಗುವ ಹೆದರಿಕೆ ಅದು, ಅದರೊಳಗೆ ಸಂತೋಷವೂ ಇತ್ತು. ಬಸ್ಸಿನಲ್ಲಿ ಜೋಡಿಸಿಕೊಂಡ ಭಾಷಣದ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ.

ಯಂತ್ರ ತಳ ಸೇರಿದ ಮೇಲೆ ಮಗ ಇಳಿದು ಬಂದ. ಅಷ್ಟೆತ್ತರದಿಂದ ಏಣಿ ಇಳಿಯಲು ಹೊತ್ತು ಬೇಕು. ಅಷ್ಟರಲ್ಲಿ ಮೀಸೆಯ ಫಿಟ್ಟರ್ ಮೇಲೆ ಬಂದು ಒಂದು ಕಡೆ ಕೂತು, ನೀರು ಕುಡಿಯುತ್ತ, ಅರ್ಧ ನೀರು ಎದೆಯ ಮೇಲೆ ಚೆಲ್ಲಿಕೊಂಡಿದ್ದ. ಗ್ರಹದಮ್ಮ ಅವನ ಮುಂದೆ ಹೋಗಿ ನಿಂತು, "ಇಳಿಸು ಅಂದಿದ್ದು ನಾನಪ್ಪ," ಅಂದಳು. ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಅವಳು ಅವನ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು.

ಮಗ ಬಂದು ಪಕ್ಕದಲ್ಲಿ ನಿಂತ.

"ನನ್ನ ದನಿ ಕೇಳಿಸಿತೇನೋ ನಿನಗೆ?"

"ಚೆನ್ನಾಗೇ ಕೇಳಿಸಿತು."

"ಗುರುತು ಸಿಕ್ಕಲಿಲ್ವಾ?"

"ನಿನ್ನ ದನಿ ಗುರುತು ಸಿಕ್ಕದೆ ಇರುತ್ತೇನಮ್ಮ."

"ಮತ್ತೆ ಯಾಕೆ ಇಳಿಸಲಿಲ್ಲ?"

ಮಗ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡ. "ಅವಳು ಹೇಳಿರಲಿಲ್ಲ," ಅಂದ.

ಚಿಕ್ಕಂದಿನಿಂದ ತನ್ನ ಮಾತು ಮೀರದ ಮಗ. ಬೇರೆ ದಿನವಾಗಿದ್ದರೆ ಆ ಮಾತಿಗೆ ಗ್ರಹದಮ್ಮನ ಕರುಳು ಕಿವುಚಿಹೋಗುತ್ತಿತ್ತು. ಇವತ್ತೂ ಕಿವುಚಿತು, ಸುಳ್ಳೇಕೆ. ಆದರೆ ಅದಕ್ಕಿಂತ ದೊಡ್ಡದಾಗಿ, ಸದ್ಯ ಇವನು ನನ್ನ ಮಾತು ಕೇಳಲಿಲ್ಲವಲ್ಲ ಅನ್ನುವ ಸಮಾಧಾನ ಉಕ್ಕಿತು.

ಹುಡುಗಿ ಕೈಗವಸು ಕಳಚುತ್ತ ಬಂದಳು. ಮುಖವೆಲ್ಲ ಸಿಮೆಂಟಿನ ಪುಡಿ, ರೆಪ್ಪೆಯ ಮೇಲೂ ಪುಡಿ. ಬೈಯುತ್ತಾಳೇನೋ ಅಂತ ಗ್ರಹದಮ್ಮ ಕಾದಳು. ಬೈಯಲಿಲ್ಲ.

"ಆ ಹೊತ್ತಿನಲ್ಲಿ ಏನು ಯೋಚನೆ ಮಾಡ್ತಿದ್ದೆ ಮಗಳೇ? ಯಾಕೆ ಸುಮ್ಮನಾಗಿಬಿಟ್ಟೆ?"

ಹುಡುಗಿ ಉತ್ತರ ಹೇಳಲು ಅವಸರ ಮಾಡಲಿಲ್ಲ. "ಕೆಳಗೆ ಎರಡು ಹೆಲ್ಮೆಟ್ ಕಾಣಬೇಕಿತ್ತಮ್ಮ. ಒಂದು ಕಾಣಲಿಲ್ಲ." ಕೈಗವಸನ್ನು ಜೇಬಿಗೆ ಸೇರಿಸಿದಳು. "ಕಾಣದೆ ಇರೋದನ್ನ ನಾನು ಹೇಳಲ್ಲ."

ಗ್ರಹದಮ್ಮ ತುಂಬ ಹೊತ್ತು ಅವಳ ಮುಖ ನೋಡಿದಳು. ಆ ಮುಖವನ್ನು ಈಗ ಸರಿಯಾಗಿ ನೋಡುತ್ತಿದ್ದಳು. ಸೆರಗಿನ ತುದಿಯಿಂದ ಅವಳ ರೆಪ್ಪೆಯ ಮೇಲಿನ ಪುಡಿ ಒರೆಸಿದಳು.

"ನಿನ್ನ ವಿಷಯದಲ್ಲಿ ನಾನು ಕಾಣದೇನೇ ಹೇಳಿಬಿಟ್ಟಿದ್ದೆ," ಅಂದಳು. "ಬೇಡ ಅಂದಿದ್ದೆ. ನಮ್ಮ ಮನೆಗೆ ಬರ್ತೀಯಾ?"

ಹುಡುಗಿ ಒಮ್ಮೆ ಮಗನ ಕಡೆ ನೋಡಿದಳು, ಒಮ್ಮೆ ಫಿಟ್ಟರ್ ಕೂತ ಕಡೆ, ಒಮ್ಮೆ ತನ್ನ ಬೂಟಿನ ಕಡೆ. ಉತ್ತರ ಬರಲೇ ಇಲ್ಲ. ಮಗನಿಗೆ ಅಮ್ಮನ ಬಗ್ಗೆ ಆತಂಕವಾಯಿತು, ಫೋನಿನಲ್ಲಿ ಮಾಡಿದ ಹಾಗೆ ಉತ್ತರವನ್ನೂ ತಾನೇ ಹೇಳಿ ಮುಗಿಸಿಬಿಡುತ್ತಾಳೆ ಅಂತ. ಗ್ರಹದಮ್ಮ ಬಾಯಿ ತೆರೆಯಲಿಲ್ಲ. ಎಷ್ಟು ಹೊತ್ತಾದರೂ ಆಗಲಿ ಅಂತ ನಿಂತೇ ಇದ್ದಳು.

"ಬರ್ತೀನಿ ಅತ್ತೆ," ಅಂದಳು ಹುಡುಗಿ.